ನಾಟಾ ಲಾರಿಗೆ ಮಳೆಗಾಲ ಹಚ್ಚಿದ ದಿನ

ಫೆಬ್ರವರಿಯ ಆ ಭಾನುವಾರವನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡಿದ್ದೆ. ಮಲೆನಾಡಿನಲ್ಲಿ ಕೂತು, ನಿಜದ ವಸ್ತುವನ್ನು ಅಳತೆ ಪ್ರಕಾರ ಚಿಕ್ಕದಾಗಿ ಕಟ್ಟಿದ ಸ್ಕೇಲ್ ಮಾಡೆಲ್‌ಗೆ ಬಣ್ಣ ಹೊಡೆಯುವವರಿಗೆ ಗಾಳಿಯ ತೇವ ದೊಡ್ಡ ವಿಷಯ. ಜೂನ್ ಬಂತೆಂದರೆ ಕಂಪ್ರೆಸರ್ ಒಳಗೆ ನೀರು ಕಟ್ಟುತ್ತದೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಬಣ್ಣದ ಜೊತೆ ನೀರಿನ ಹನಿಯನ್ನೂ ಉಗುಳುತ್ತದೆ. ಮ್ಯಾಟ್ ವಾರ್ನಿಶ್ ಹೊಡೆದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಎಣ್ಣೆ ಬಣ್ಣ ಒಣಗುವುದೇ ಇಲ್ಲ. ಹಾಗಾಗಿ ಕಟ್ಟುವ, ಕತ್ತರಿಸುವ, ಅಂಟಿಸುವ ಕೆಲಸವನ್ನೆಲ್ಲ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ. ಬಣ್ಣ ಮಾತ್ರ ಬಿಸಿಲಿನ ತಿಂಗಳಲ್ಲಿ. ಮಳೆಯ ಕಲೆಗಳನ್ನು ಬರೆಯುವುದಕ್ಕೆ ಮಳೆಯಿಲ್ಲದ ದಿನವೇ ಬೇಕು.

ಮೇಜಿನ ಮೇಲೆ ಇದ್ದದ್ದು ಮುಚ್ಚಿಹೋದ ಒಂದು ಸಾಮಿಲ್‌ನ ಮೂಲೆ. ಮಂಗಳೂರು ಹೆಂಚಿನ ಶೆಡ್ಡು, ಅದರ ಪಕ್ಕ ನಿಂತಲ್ಲೇ ನಿಂತುಬಿಟ್ಟ ಒಂದು ನಾಟಾ ಲಾರಿ. ತೀರ್ಥಹಳ್ಳಿ, ಆಗುಂಬೆ ಕಡೆ ಓಡಾಡಿದವರಿಗೆ ಇಂಥ ಜಾಗ ಹೊಸದಲ್ಲ. ದಿಮ್ಮಿ ಸಾಗಿಸುತ್ತಿದ್ದ ಮುಂಭಾಗ ಉದ್ದವಿರುವ ಹಳೆಯ ಟಾಟಾ ಲಾರಿಗಳು ಒಂದು ಕಾಲದಲ್ಲಿ ಇಲ್ಲಿನ ಪ್ರತಿ ತಿರುವಿನಲ್ಲೂ ಎದುರಾಗುತ್ತಿದ್ದವು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಶುರು ಮಾಡಿದ ಲಾರಿಗಳ ವಂಶ ಅದು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ಮುಂಭಾಗದ ಬೆಂಜ್ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಆಕಾರ ಮಾತ್ರ ಎಷ್ಟೋ ವರ್ಷ ಹಾಗೇ ಉಳಿಯಿತು.

ನಾನು ಆರಿಸಿಕೊಂಡದ್ದು 1:35 ಅಳತೆ. ಸೈನ್ಯದ ವಾಹನಗಳ ಮಾಡೆಲ್‌ಗಳಿಂದ ಬಂದ ಅಳತೆ ಇದು. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದನೇ ಒಂದು ಪಾಲಿತ್ತು. ಅದೇ ಲೋಕಕ್ಕೆಲ್ಲ ರೂಢಿಯಾಯಿತು. ಈ ಅಳತೆಯಲ್ಲಿ ಐದೂವರೆ ಅಡಿ ಮನುಷ್ಯ 48 ಮಿಲಿಮೀಟರ್ ಎತ್ತರ. 9.00-20 ಸೈಜಿನ ಲಾರಿ ಟೈರು 29 ಮಿಲಿಮೀಟರ್. ಒಂದು ಮಂಗಳೂರು ಹೆಂಚು 12 ಮಿಲಿಮೀಟರ್ ಉದ್ದ, 7 ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಅಗಲ. ಬೆರಳಿನಲ್ಲಿ ಹಿಡಿಯುವಷ್ಟು ದೊಡ್ಡದು, ಮೇಜಿನ ಮೇಲೆ ಒಂದು ಅಂಗಳವೇ ಕೂರುವಷ್ಟು ಚಿಕ್ಕದು.

ನಮ್ಮ ಲಾರಿಯ ಕಿಟ್ ನನಗೆ ಎಲ್ಲೂ ಸಿಗಲಿಲ್ಲ. ಕ್ಯಾಬನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಕಟ್ಟಿದೆ. ಬಾನೆಟ್ಟಿನ ಉಬ್ಬಿಗೆ ಎಪಾಕ್ಸಿ ಪುಟ್ಟಿ ಹಾಕಿ, ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಆಕಾರಕ್ಕೆ ತಂದೆ. ಹೆಂಚುಗಳಿಗೆ ಮೊದಲು ಒಂದೇ ಒಂದು ಹೆಂಚನ್ನು ಸರಿಯಾಗಿ ಮಾಡಿಕೊಂಡು, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ಡೆಂಟಲ್ ಸ್ಟೋನ್ ಸುರಿದು ರಾಶಿ ಹಾಕಿದೆ. ಹಲ್ಲಿನ ಡಾಕ್ಟರುಗಳು ಅಚ್ಚಿಗೆ ಬಳಸುವ ಪುಡಿ ಅದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗಿಂತ ಗಟ್ಟಿ, ಅಂಚು ಪುಡಿಯಾಗುವುದಿಲ್ಲ.

ಹಳತು ಮಾಡುವ ಕೆಲಸಕ್ಕೆ, ಅಂದರೆ ವೆದರಿಂಗ್‌ಗೆ, ಕೈ ಹಾಕುವ ಮೊದಲು ನಾನು ತೀರ್ಮಾನಿಸಿದ್ದು ಒಂದೇ ವಿಷಯ. ಈ ಹಲಗೆಯ ಮೇಲೆ ಪಡುವಣ ಯಾವ ಕಡೆ? ನಮ್ಮಲ್ಲಿ ಮಳೆ ನೈಋತ್ಯದಿಂದ ಓರೆಯಾಗಿ ಬಡಿಯುತ್ತದೆ. ಅದಕ್ಕೇ ಮನೆಗಳ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ನೀರು ಒಂದೇ ಕಡೆಯಿಂದ ಬಂದರೆ ಲಾರಿಯ ಎರಡು ಬದಿಯೂ ಒಂದೇ ಥರ ಹಾಳಾಗಲು ಸಾಧ್ಯವಾ? ಹಲಗೆಯ ಎಡಗಡೆ ಪಡುವಣ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಆಮೇಲಿನ ಪ್ರತಿ ಕಲೆಯೂ ಆ ಗುರುತನ್ನು ಕೇಳಿಕೊಂಡೇ ಬಂತು.

ನಾವು ಈ ವಿದ್ಯೆ ಕಲಿತದ್ದು ಹೊರಗಿನವರಿಂದ. 1970-80ರ ದಶಕಗಳಲ್ಲಿ ಅಮೆರಿಕದ ಶೆಪರ್ಡ್ ಪೇನ್, ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡೆನ್ ಡಿಯೊರಾಮಾಕ್ಕೆ, ಅಂದರೆ ಇಡೀ ದೃಶ್ಯವನ್ನೇ ಚಿಕ್ಕದಾಗಿ ಕಟ್ಟುವ ಕೆಲಸಕ್ಕೆ, ಹೊಸ ಜೀವ ಕೊಟ್ಟರು. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಅವರ ಕೆಸರು ಯುರೋಪಿನ ಕೆಸರು. ಬೂದು ಕಂದು. ಅದನ್ನು ಹಾಗೇ ತಂದು ತೀರ್ಥಹಳ್ಳಿಯ ಲಾರಿಗೆ ಹಚ್ಚಿದರೆ ನೋಡಿದ ಕೂಡಲೇ ಪರದೇಶದ್ದು ಅನ್ನಿಸುತ್ತದೆ. ತಂತ್ರ ಅವರದ್ದು ಇರಲಿ, ಕಣ್ಣು ನಮ್ಮದೇ ಆಗಬೇಕು.

ಬೆಳಿಗ್ಗೆ ತಿಂಡಿ ಮುಗಿಸಿ ಕೂತಾಗ ಮಾವ ಬಂದರು. ಅಮ್ಮನ ತಮ್ಮ. ವಯಸ್ಸಿನ ದಿನಗಳಲ್ಲಿ ನಾಟಾ ಲಾರಿ ಓಡಿಸಿದವರು. ನಾನೇ ಬರಲು ಹೇಳಿದ್ದೆ. ಕನ್ನಡಕ ಹಾಕಿಕೊಂಡು ಕ್ಯಾಬನ್ನು ಸುತ್ತಲೂ ತಿರುಗಿಸಿ ನೋಡಿದರು.

"ಮೇಲಿನ ಬಣ್ಣ ಯಾವುದು ಹೊಡೀತೀಯ?"

"ಕೇಸರಿ ಅಂತ ಇದ್ದೀನಿ ಮಾವ."

"ಹೊಡಿ. ಆದ್ರೆ ಅದರ ಕೆಳಗೆ ಹಸಿರು ಇರ್ಲಿ ಮಾರಾಯ. ಎಫ್‌ಸಿಗೆ ಹೋಗೋ ಮುಂಚೆ ಪೇಂಟ್ ಹೊಡೀಲೇಬೇಕಿತ್ತು. ಒಂದರ ಮೇಲೊಂದು ಹೊಡೆದಿರ್ತಿದ್ವಿ."

ಈ ಮಾತು ಸಿಕ್ಕಿದ್ದೇ ಆ ದಿನದ ದೊಡ್ಡ ಲಾಭ. ಫಿಟ್ನೆಸ್ ಸರ್ಟಿಫಿಕೇಟಿಗೆ ಆರ್‌ಟಿಓ ಮುಂದೆ ನಿಲ್ಲುವ ಲಾರಿ ಹೊಸ ಬಣ್ಣದಲ್ಲಿ ಹೊಳೆಯಬೇಕು. ಹಳೆಯದನ್ನು ಪೂರ್ತಿ ಕೆರೆಯುವಷ್ಟು ಪುರುಸೊತ್ತು ಯಾರಿಗಿತ್ತು? ಹಾಗಾಗಿ ಬಣ್ಣ ಎದ್ದ ಕಡೆ ಕಾಣಬೇಕಾದದ್ದು ಬರೀ ತುಕ್ಕಲ್ಲ. ಕೇಸರಿ, ಅದರ ಕೆಳಗೆ ಹಸಿರು, ಅದರ ಕೆಳಗೆ ರೆಡ್ ಆಕ್ಸೈಡ್, ಎಲ್ಲಕ್ಕಿಂತ ಕೆಳಗೆ ಕಬ್ಬಿಣ. ಲಾರಿಯ ಆಯಸ್ಸೇ ಆ ಪದರಗಳಲ್ಲಿದೆ.

ಇದನ್ನು ತೋರಿಸಲು ಹೇರ್‌ಸ್ಪ್ರೇ ಉಪಾಯಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತುಕ್ಕಿನ ಬಣ್ಣ ಮತ್ತು ರೆಡ್ ಆಕ್ಸೈಡನ್ನು ಮೊದಲೇ ಹೊಡೆದು, ವಾರ್ನಿಶ್ ಹಾಕಿ ಭದ್ರ ಮಾಡಿಟ್ಟಿದ್ದೆ. ಅದರ ಮೇಲೆ ಕೂದಲಿಗೆ ಹೊಡೆಯುವ ಮಾಮೂಲಿ ಹೇರ್‌ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆದೆ. ಒಣಗಿದ ಮೇಲೆ ಅಕ್ರಿಲಿಕ್ ಹಸಿರು. ಅರ್ಧ ಗಂಟೆ ಬಿಟ್ಟು ಹಸಿರಿನ ಮೇಲೆ ನೀರು ಸವರಿದರೆ ಒಳಗಿರುವ ಹೇರ್‌ಸ್ಪ್ರೇ ಕರಗುತ್ತದೆ. ಬಿರುಸು ಬ್ರಶ್‌ನಲ್ಲಿ ಮೆಲ್ಲಗೆ ಕುಟ್ಟಿದರೆ ಬಣ್ಣ ನಿಜವಾಗಿಯೇ ಚಕ್ಕೆ ಏಳುತ್ತದೆ. ಬರೆದ ಚಕ್ಕೆಗೂ ಎದ್ದ ಚಕ್ಕೆಗೂ ತುಂಬಾ ವ್ಯತ್ಯಾಸ, ಅಂಚು ನೋಡಿದರೇ ತಿಳಿಯುತ್ತದೆ. ಹಸಿರನ್ನು ವಾರ್ನಿಶ್‌ನಿಂದ ಮುಚ್ಚಿ, ಮತ್ತೆ ಹೇರ್‌ಸ್ಪ್ರೇ, ಆಮೇಲೆ ಕೇಸರಿ. ಕೇಸರಿಗೆ ಸ್ವಲ್ಪ ಬಿಳಿ ಬೆರೆಸಿದ್ದೆ. ಬಿಸಿಲಿಗೆ ಬಣ್ಣ ಮಾಸುತ್ತದೆ ಎನ್ನುವುದು ಒಂದು ಕಾರಣ. ಚಿಕ್ಕ ವಸ್ತುವಿನ ಮೇಲೆ ಯಾವ ಬಣ್ಣವಾದರೂ ಜಾಸ್ತಿ ಗಾಢವಾಗಿ ಕಾಣುತ್ತದೆ ಎನ್ನುವುದು ಇನ್ನೊಂದು.

ಇಲ್ಲಿ ಅಳತೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಇರಬೇಕು. ಮಾಡೆಲ್ ಮೇಲೆ 1 ಮಿಲಿಮೀಟರ್ ಚಕ್ಕೆ ಅಂದರೆ ನಿಜದ ಲಾರಿಯಲ್ಲಿ 35 ಮಿಲಿಮೀಟರ್. ಅಂಥದ್ದು ಎಲ್ಲಾ ಕಡೆ ಇರಲ್ಲ. ಚುಕ್ಕಿಯಷ್ಟು ಚಿಕ್ಕವು ನೂರಾರು, ದೊಡ್ಡವು ಅಲ್ಲೊಂದು ಇಲ್ಲೊಂದು.

ಎಲ್ಲಿ ಅನ್ನುವುದಕ್ಕೆ ಮಾವ ಪಕ್ಕದಲ್ಲೇ ಕೂತಿದ್ದರು. ಬಲಗಡೆ ಬಾಗಿಲಿನ ಕಿಟಕಿ ಅಂಚಿನಲ್ಲಿ ಬಣ್ಣ ನುಣ್ಣಗೆ ಸವೆದಿರಬೇಕು ಅಂದರು. ಡ್ರೈವರ್ ಮೊಣಕೈ ಇಡುವ ಜಾಗ. ಅಲ್ಲಿ ಚಕ್ಕೆ ಏಳಲ್ಲ, ಸವೆಯುತ್ತದೆ. ಎಡಗಡೆ ಬಾಗಿಲ ಹೊರಮೈಯಲ್ಲಿ ಅಂಗೈ ಅಗಲದ ಜಾಗ ಬೇರೆ ಥರ. "ಕ್ಲೀನರ್ ಅಲ್ಲೇ ಅಲ್ವಾ ಬಡಿಯೋದು, ಬರ್ಲಿ ಬರ್ಲಿ ಅಂತ." ಹತ್ತಿ ಇಳಿಯುವ ಮೆಟ್ಟಿಲ ನಡುವೆ ಬಣ್ಣವೇ ಇರಕೂಡದು, ಎರಡು ತುದಿಗೆ ಮಾತ್ರ ಇರಬೇಕು. ಡೀಸೆಲ್ ಟ್ಯಾಂಕಿನ ಮುಚ್ಚಳದಿಂದ ಕೆಳಗೆ ಕಪ್ಪು ಜಿಡ್ಡು, ಅದರ ಮೇಲೆ ಧೂಳು ಅಂಟಿ ದಪ್ಪಗಾಗಿರಬೇಕು. ಬ್ಯಾಟರಿ ಪೆಟ್ಟಿಗೆಯ ಕೆಳಗೆ ಆಸಿಡ್ ಸೋರಿ ಚೇಸಿಸ್ ಎಲ್ಲಕ್ಕಿಂತ ಬೇಗ ತಿಂದಿರುತ್ತದೆ. ದಿಮ್ಮಿ ಉರುಳಿಸಿ ಹತ್ತಿಸುವ ಬದಿಯ ಮರ ಜಜ್ಜಿ ನಾರು ನಾರಾಗಿರುತ್ತದೆ, ಇನ್ನೊಂದು ಬದಿ ಹಾಗಲ್ಲ. ಯಾವ ಚಿತ್ರದಲ್ಲೂ ಇದೆಲ್ಲ ಇಷ್ಟು ಸ್ಪಷ್ಟವಾಗಿ ನನಗೆ ಸಿಕ್ಕಿರಲಿಲ್ಲ. ಮಾವ ಹೇಳುತ್ತಾ ಹೋದರು, ನಾನು ಸ್ಪಂಜಿನ ಚೂರು, ಟೂತ್‌ಪಿಕ್, ಸಣ್ಣ ಬ್ರಶ್ ಬದಲಾಯಿಸುತ್ತಾ ಹೋದೆ. ಒಂದು ವಾಹನವನ್ನು ಕೈಕಾಲಿನಿಂದ ತಿಳಿದವರ ಮಾತಿನಂತೆ ಬಣ್ಣ ಹಚ್ಚುವುದು ಎಷ್ಟು ಸಂತೋಷ ಅಂತ ಅವತ್ತು ಗೊತ್ತಾಯಿತು.

ಮಧ್ಯಾಹ್ನ ಊಟದ ನಂತರ ಎಣ್ಣೆ ಬಣ್ಣ. ಟ್ಯೂಬಿನ ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಬಿಟ್ಟಿದ್ದೆ. ರಟ್ಟು ಅಗಸೆ ಎಣ್ಣೆಯನ್ನು ಹೀರಿದರೆ ಒಣಗಿದ ಮೇಲೆ ಹೊಳಪು ಬರುವುದಿಲ್ಲ. ಕಲೆಯನ್ನು ಚುಕ್ಕಿಯಾಗಿ ಇಟ್ಟು, ಟರ್ಪಂಟೈನ್ ಸ್ವಲ್ಪವೇ ತಾಗಿಸಿದ ಚಪ್ಪಟೆ ಬ್ರಶ್‌ನಲ್ಲಿ ಕೆಳಕ್ಕೆ ಎಳೆಯಬೇಕು. ನೀರು ಇಳಿಯುವ ದಿಕ್ಕಿಗೇ ಎಳೆಯಬೇಕು. ನನ್ನ ಲಾರಿಯ ಒಂದು ಟೈರು ಕುಸಿದು ಬಾಡಿ ವಾಲಿದೆ. ಹಾಗಾಗಿ ನಿಂತ ಮೇಲೆ ಇಳಿದ ತುಕ್ಕಿನ ಗೆರೆಗಳು ಬಾಗಿಲಿಗೆ ನೇರವಾಗಿಲ್ಲ, ನೆಲಕ್ಕೆ ನೇರವಾಗಿವೆ. ಓಡುತ್ತಿದ್ದಾಗ ಬಿದ್ದ ಹಳೆಯ ಗೆರೆಗಳು ಮಾತ್ರ ಬಾಗಿಲಿಗೆ ಸರಿಯಾಗಿ ಇಳಿದಿವೆ. ಇಡೀ ಮಾಡೆಲ್‌ನಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಇದು. ಲಾರಿ ನಿಂತು ಎಷ್ಟೋ ಮಳೆಗಾಲ ಕಳೆದಿದೆ ಅನ್ನುವುದನ್ನು ಆ ಎರಡು ಬಗೆಯ ಗೆರೆಗಳೇ ಹೇಳುತ್ತವೆ.

ತುಕ್ಕಿನಲ್ಲೂ ಊರು ಇರುತ್ತದೆ. ಹೊಸ ತುಕ್ಕು ಕಿತ್ತಳೆ, ಹಳೆಯದಾದಂತೆ ಕಡು ಕಂದು. ಬಳ್ಳಾರಿಯ ಒಣ ಬಿಸಿಲಲ್ಲಿ ನಿಂತ ಕಬ್ಬಿಣದ ಮೇಲೆ ತುಕ್ಕಿಗಿಂತ ಧೂಳೇ ಹೆಚ್ಚು. ನಮ್ಮಲ್ಲಿ ತುಕ್ಕಿನ ಪಕ್ಕದಲ್ಲೇ ಹಸಿರು ಬರುತ್ತದೆ. ಕಿಟಕಿಯ ರಬ್ಬರ್ ಬೀಡಿಂಗ್ ಸಂದಿಯಲ್ಲಿ, ಬಾನೆಟ್ಟಿನ ಕೀಲಿನಲ್ಲಿ, ನೆರಳಿರುವ ಕಡೆಯೆಲ್ಲ ಪಾಚಿ ಹಿಡಿಯುತ್ತದೆ. ಹಸಿರಿಗೆ ಕಪ್ಪು ಬೆರೆಸಿ ಮಬ್ಬು ಮಾಡಿ, ಸಂದಿಗಳಿಗೆ ಮಾತ್ರ ಬಿಟ್ಟೆ. ನೆಲಕ್ಕೆ ಬಿದ್ದ ತುಕ್ಕಿನ ಪುಡಿಗೆ ನಿಜವಾದ ತುಕ್ಕನ್ನೇ ಬಳಸಿದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಉಪ್ಪುನೀರಿನಲ್ಲಿ ಒದ್ದೆ ಮಾಡಿ ಬಿಟ್ಟರೆ ಕೆಲವು ದಿನದಲ್ಲಿ ಪುಡಿ ಉದುರುತ್ತದೆ.

ಮಣ್ಣಿಗೂ ನಿಜವಾದ ಕೆಮ್ಮಣ್ಣೇ. ಆದರೆ ಹಾಗೇ ಹಾಕಲು ಬರಲ್ಲ. ಅಂಗಳದ ಮಣ್ಣಿನ ಮರಳಿನ ಕಣ ಈ ಅಳತೆಗೆ ಜಲ್ಲಿಕಲ್ಲು. ಕುಟ್ಟಿ, ತೆಳು ಮಲ್ ಬಟ್ಟೆಯಲ್ಲಿ ಜರಡಿ ಹಿಡಿದರೆ ಮುಖಕ್ಕೆ ಹಾಕುವ ಪೌಡರ್‌ನಷ್ಟು ನಯವಾದದ್ದು ಸಿಗುತ್ತದೆ. ಅಂಟು ತಾಗಿದರೆ ಅದು ಕಪ್ಪಾಗುತ್ತದೆ, ಅದಕ್ಕೆ ಕೊನೆಯಲ್ಲಿ ಒಣ ಪುಡಿಯನ್ನೇ ಬ್ರಶ್‌ನಲ್ಲಿ ಇನ್ನೊಮ್ಮೆ ಒತ್ತಿದೆ. ಮಡ್‌ಗಾರ್ಡ್ ಒಳಗೆ ದಪ್ಪ, ಬಾಗಿಲ ಕೆಳ ಅಂಚಿಗೆ ತೆಳು, ಮೇಲಕ್ಕೆ ಹೋದಂತೆ ಏನೂ ಇಲ್ಲ. ನಿಂತ ಲಾರಿಗೆ ಮಳೆಯ ಹನಿ ನೆಲದಿಂದ ಸಿಡಿಸುವ ಕೆಂಪನ್ನು ಒಂದು ಗೇಣಿನಷ್ಟಕ್ಕೇ ನಿಲ್ಲಿಸಿದೆ. ಅಂದರೆ ಇಲ್ಲಿ 6 ಮಿಲಿಮೀಟರ್.

ಗಾಜಿನ ಮೇಲಿನ ಹಣೆಪಟ್ಟಿಯಲ್ಲಿ 'ಶ್ರೀ ಮಂಜುನಾಥ' ಎಂದು ಬರೆಯಬೇಕಿತ್ತು. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಬಣ್ಣ ಬರುವುದಿಲ್ಲ, ಹಾಗಾಗಿ ಪ್ರಿಂಟ್ ಮಾಡಿ ಅಂಟಿಸುವ ತೆಳು ಸ್ಟಿಕ್ಕರ್, ಅಂದರೆ ಡೀಕಲ್, ಆಗಲಿಲ್ಲ. ಎರಡೂವರೆ ಮಿಲಿಮೀಟರ್ ಎತ್ತರದ ಅಕ್ಷರಗಳನ್ನು ಕೈಯಲ್ಲೇ ಬರೆದೆ. 'ಶ್ರೀ'ಯ ದೀರ್ಘ ಮತ್ತು ಒತ್ತು, 'ಮಂ'ದ ಸೊನ್ನೆ, ಎಲ್ಲವೂ ಲಾರಿ ಬರೆಯುವ ಪೇಂಟರುಗಳ ಕೈಬರಹದ ದುಂಡಿನಲ್ಲಿ ಇರಬೇಕು ಅನ್ನುವುದು ನನ್ನ ಹಟ. ಅವರು ಅಕ್ಷರದ ಬಲಗಡೆ ಕೊಡುವ ನೆರಳಿನ ಗೆರೆಯನ್ನೂ ಬಿಡಲಿಲ್ಲ. ಆಮೇಲೆ ಅದನ್ನು ಮಾಸಲು ಮಾಡಿದೆ. ಪಡುವಣ ಕಡೆಯ 'ಶ್ರೀ' ಹೆಚ್ಚು ಮಾಸಿದೆ, ಸೋರುವ ಮಾಡಿನ ಕೆಳಗಿರುವ 'ಥ' ಸ್ವಲ್ಪ ಉಳಿದಿದೆ. ನಂಬರ್ ಪ್ಲೇಟಿನಲ್ಲಿ ಮೂರಕ್ಷರದ ಹಳೆಯ ನೋಂದಣಿ. 1989ರ ನಂತರದ 'ಕೆಎ 14' ಆ ಲಾರಿಗೆ ಹೊಂದುವುದಿಲ್ಲ.

ಶೆಡ್ಡಿನ ಹೆಂಚಿಗೆ ಅವತ್ತು ಸಮಯ ಸಿಕ್ಕಿದ್ದು ಕಡಿಮೆ. ಕೆಳಗಿನ ಸಾಲುಗಳಿಗೆ ಕಪ್ಪು ಜಾಸ್ತಿ, ಕೋಳು ಹತ್ತಿರ ಕೆಂಪು ಉಳಿಸಿದೆ. ನಡುನಡುವೆ ಒಡೆದದ್ದನ್ನು ಬದಲಾಯಿಸಿದ ಹೊಸ ಹೆಂಚು ಒಂದೆರಡು. ಅವಕ್ಕೆ ಪಾಚಿ ಹಚ್ಚಲಿಲ್ಲ.

ಸಂಜೆ ಕಾಫಿ ಕುಡಿಯುತ್ತಾ ಮಾವ ಕೇಳಿದರು, "ಎಲ್ಲಾ ಸರಿ. ಲೋಡ್ ಎಲ್ಲಿ?"

"ನಿಂತು ಹೋದ ಲಾರಿ ಅಲ್ವಾ ಮಾವ, ಇದಕ್ಕೆ ಲೋಡ್ ಇಲ್ಲ."

"ಹಂಗಾದ್ರೆ ಓಡೋದೊಂದು ಮಾಡು."

ದಿಮ್ಮಿಗಳನ್ನು ಹೇಗೆ ಕೂರಿಸುತ್ತಿದ್ದರು ಅಂತ ಶುರು ಮಾಡಿದರು. ದಪ್ಪ ತುದಿ ಮುಂದಕ್ಕೆ ಬರಬೇಕು. ಸರಪಳಿ ಎಲ್ಲಿ ಬಿಗಿಯಬೇಕು, ಘಾಟಿ ಇಳಿಯುವಾಗ ಎಲ್ಲಿ ನಿಲ್ಲಿಸಿ ಮತ್ತೆ ಬಿಗಿಯಬೇಕು, ಎಲ್ಲವನ್ನೂ ಹೇಳಿದರು. ಪ್ರತಿ ದಿಮ್ಮಿಯ ಕೊಯ್ದ ಮುಖದ ಮೇಲೆ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ ಮತ್ತು ನಂಬರ್ ಇರಬೇಕು, ಇಲ್ಲದಿದ್ದರೆ ಗೇಟಿನಲ್ಲಿ ಬಿಡುವುದಿಲ್ಲ ಅಂತ ಎರಡು ಸಲ ಹೇಳಿದರು. ಎರಡು ಅಡಿ ಅಡ್ಡಳತೆಯ ದಿಮ್ಮಿ ಅಂದರೆ 17 ಮಿಲಿಮೀಟರ್. ಅದರ ಮುಖದಲ್ಲಿ ಮುದ್ರೆ ಒಂದು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ ಆಗಬಹುದು. ಹಿತ್ತಾಳೆ ತಂತಿಯ ತುದಿಯನ್ನು ಅರದಲ್ಲಿ ಉಜ್ಜಿ ಮುದ್ರೆ ಮಾಡಿಕೊಂಡರೆ ಒತ್ತಬಹುದು ಅಂದೆ. ಮಾವ ಕಾಫಿ ಲೋಟ ಬದಿಗಿಟ್ಟು, ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಮುದ್ರೆಯ ಆಕಾರ ಬರೆಯಲು ಕೂತರು.