ಪುಟ್ಟಿ ಹಚ್ಚಲಾಗದ ಕಾರು

ನಾನು ಕಾರಿಗೆ ಬಣ್ಣ ಹೊಡೆಯುವವನು. ಮೈಸೂರಿನ ಬನ್ನಿಮಂಟಪದ ಕಡೆ ನಮ್ಮ ಟಿಂಕರಿಂಗ್, ಪೇಂಟಿಂಗ್ ಅಂಗಡಿ. ಯಾವ ಕಾರು ಇಷ್ಟ ಅಂತ ಅಂಗಡಿಗೆ ಬರುವವರು ಕೇಳುತ್ತಿರುತ್ತಾರೆ. ಮ್ಯಾಕ್ಲಾರೆನ್ ಸೆನ್ನಾ ಅನ್ನುತ್ತೇನೆ. ಅದರಲ್ಲೂ ಬಣ್ಣ ಬಳಿಯದೆ, ಕಾರ್ಬನ್ ಫೈಬರ್, ಅಂದರೆ ಕಾರ್ಬನ್ ಎಳೆಯ ಬಟ್ಟೆಗೆ ರಾಳ ತುಂಬಿ ಗಟ್ಟಿ ಮಾಡಿದ ವಸ್ತು, ಹಾಗೇ ಕಾಣುವಂತೆ ಬಿಟ್ಟ ಸೆನ್ನಾ. ಪೇಂಟರ್‌ಗೆ ಪೇಂಟ್ ಇಲ್ಲದ ಕಾರು ಯಾಕಪ್ಪಾ ಇಷ್ಟ ಅಂತ ಆಶ್ಚರ್ಯಪಡುತ್ತಾರೆ. ಅದನ್ನೇ ಇವತ್ತು ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಕಾರಿನ ವಿಷಯ. 2017ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮ್ಯಾಕ್ಲಾರೆನ್ ಕಂಪನಿ ಇದನ್ನು ತೋರಿಸಿತು. ಮಾಡಿದ್ದು 500 ಮಾತ್ರ. ಬೆಲೆ ಏಳೂವರೆ ಲಕ್ಷ ಪೌಂಡ್, ಅಂದರೆ ಆಗಿನ ಲೆಕ್ಕಕ್ಕೆ ಆರು ಕೋಟಿಗೂ ಜಾಸ್ತಿ. ಜನರಿಗೆ ತೋರಿಸುವ ಹೊತ್ತಿಗೇ ಎಲ್ಲ ಬುಕ್ ಆಗಿಹೋಗಿದ್ದವು. ಕೊನೆಯ ಒಂದನ್ನು ದಾನದ ಹಣಕ್ಕಾಗಿ ಹರಾಜು ಹಾಕಿದರೆ 20 ಲಕ್ಷ ಪೌಂಡ್‌ಗೆ ಹೋಯಿತು. 4 ಲೀಟರ್ ವಿ8 ಎಂಜಿನ್, ಎರಡು ಟರ್ಬೊ, 800 ಪಿಎಸ್ ಶಕ್ತಿ. ಆಯಿಲ್, ಪೆಟ್ರೋಲ್ ಏನೂ ತುಂಬಿಸದೆ ತೂಗಿದರೆ 1,198 ಕೆಜಿ. ನಮ್ಮೂರಿನ ಟ್ಯಾಕ್ಸಿ ಇನೋವಾ ಇದಕ್ಕಿಂತ ಎಷ್ಟೋ ಭಾರ.

ಈ ಕಾರು ಚೆನ್ನಾಗಿಲ್ಲ ಅನ್ನುವವರೇ ಜಾಸ್ತಿ. ಎಲ್ಲಿ ನೋಡಿದರೂ ತೂತು, ಎಲ್ಲಿ ನೋಡಿದರೂ ರೆಕ್ಕೆ. ನಾನು ಒಪ್ಪುವುದಿಲ್ಲ. ಅಂದಕ್ಕೆ ಅಂತ ಕೊರೆದ ತೂತು ಅದರಲ್ಲಿ ಒಂದೂ ಇಲ್ಲ. ಒಂದು ರೇಡಿಯೇಟರ್‌ಗೆ ಗಾಳಿ ಕೊಡುತ್ತದೆ, ಇನ್ನೊಂದು ಬ್ರೇಕ್ ತಣ್ಣಗಿಡುತ್ತದೆ, ಮತ್ತೊಂದು ಚಕ್ರದ ಸುತ್ತ ಸಿಕ್ಕಿಕೊಂಡ ಗಾಳಿಯನ್ನು ಆಚೆ ಹಾಕುತ್ತದೆ. ಎಂಜಿನ್ ಉಸಿರಾಡುವುದು ಟಾಪ್ ಮೇಲಿನ ಕೊಳವೆಯಿಂದ. ಹಿಂದಿನ ದೊಡ್ಡ ರೆಕ್ಕೆ ಸುಮ್ನೆ ನಿಂತಿರುವುದಿಲ್ಲ. ಹೈಡ್ರಾಲಿಕ್‌ನಲ್ಲಿ ವಾಲುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗ ಎದ್ದು ನಿಂತು ಗಾಳಿಗೆ ಎದೆ ಕೊಡುತ್ತದೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಗಾಳಿ ಈ ಕಾರನ್ನು 800 ಕೆಜಿ ಭಾರದಷ್ಟು ರಸ್ತೆಗೆ ಅದುಮಿ ಹಿಡಿಯುತ್ತದೆ. ಹಾಗಾಗಿ ಟೈರ್ ರಸ್ತೆ ಬಿಡುವುದಿಲ್ಲ, ತಿರುವಿನಲ್ಲಿ ಜಾರುವುದಿಲ್ಲ. ರೇಸ್ ಕಾರಿನ ವಿದ್ಯೆಯನ್ನು ನಂಬರ್ ಪ್ಲೇಟ್ ಹಾಕಿದ ಕಾರಿಗೆ ತಂದಿದ್ದಾರೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ಈ ಕಾರಿನ ಮುಂದಿನ ಫೆಂಡರ್, ಅಂದರೆ ಚಕ್ರದ ಮೇಲಿನ ಹೊರಹೊದಿಕೆ, ಒಂದರ ತೂಕ 660 ಗ್ರಾಂ. ಓದಿದಾಗ ನಂಬಲಿಕ್ಕೆ ಆಗಲಿಲ್ಲ. ನಾವು ಬಿಚ್ಚಿ ಸ್ಟ್ಯಾಂಡಿಗೆ ಹಾಕುವ ತಗಡಿನ ಫೆಂಡರ್ ಎತ್ತುವಾಗಲೇ ಕೈಗೆ ಭಾರ ಗೊತ್ತಾಗುತ್ತದೆ. ಇದನ್ನು ಎರಡು ಬೆರಳಲ್ಲಿ ಎತ್ತಬಹುದು. ಅಂಥ ಫೆಂಡರ್ ಮೇಲೆ ಪ್ರೈಮರ್, ಬೇಸ್ ಕೋಟ್, ಕ್ಲಿಯರ್ ಅಂತ ಒಂದರ ಮೇಲೊಂದು ಹೊಡೆದರೆ ಬಣ್ಣದ ತೂಕವೂ ಲೆಕ್ಕಕ್ಕೆ ಬರುತ್ತದೆ ಅಲ್ವಾ?

ಆದರೆ ತೂಕಕ್ಕಿಂತ ನನಗೆ ದೊಡ್ಡದು ಅನ್ನಿಸುವುದು ಬೇರೆ. ನಮ್ಮ ಕೆಲಸದಲ್ಲಿ ಪುಟ್ಟಿ ಇದೆ. ತಗಡು ಬಡಿದು ಎಷ್ಟೇ ನೇರ ಮಾಡಿದರೂ ಸಣ್ಣ ಏರುತಗ್ಗು ಉಳಿಯುತ್ತದೆ. ಪುಟ್ಟಿ ಹಚ್ಚಿ, ವಾಟರ್ ಪೇಪರ್‌ನಲ್ಲಿ ಉಜ್ಜಿ, ಪ್ರೈಮರ್ ಹೊಡೆದರೆ ಕೆಳಗಿನದು ಯಾರಿಗೂ ಕಾಣುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಅದೂ ಒಂದು ವಿದ್ಯೆ, ವರ್ಷಗಟ್ಟಲೆ ಕಲಿಯಬೇಕು. ಕಾಣುವ ಕಾರ್ಬನ್‌ಗೆ ಮಾತ್ರ ಆ ದಾರಿ ಇಲ್ಲ. ಮೇಲೆ ಹೊಡೆಯುವ ಕ್ಲಿಯರ್ ಗಾಜಿನ ಹಾಗೆ ಪಾರದರ್ಶಕ. ಕೆಳಗೆ ಏನಿದೆಯೋ ಅದೇ ಮುಖ.

ಇದು ನನಗೆ ಕೈಯಿಂದಲೇ ಗೊತ್ತಾಯಿತು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ತನ್ನ ಬೈಕಿನ ಕಾರ್ಬನ್ ಮಡ್‌ಗಾರ್ಡ್ ತಂದಿದ್ದ. ಬಿಸಿಲಿಗೆ ಮೇಲ್ಮೈ ಹಳದಿಯಾಗಿ ಮಂಕಾಗಿತ್ತು. "ಅಣ್ಣ, ಮತ್ತೆ ಹೊಳೆಯೋ ಹಾಗೆ ಮಾಡಿಕೊಡಿ" ಅಂದ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಎಳೆಗಳು ಅಡ್ಡಡ್ಡ ಹೆಣೆದು ಓರೆ ಗೆರೆಗಳಾಗಿ ಓಡುತ್ತವೆ. ಒಂದೊಂದು ಪಟ್ಟೆಯಲ್ಲೂ ಕೂದಲಿಗಿಂತ ತೆಳುವಾದ ಸಾವಿರಾರು ಎಳೆ. ಸ್ವಲ್ಪ ವಾಲಿಸಿದರೆ ಕಪ್ಪಿದ್ದ ಪಟ್ಟೆ ಬೆಳ್ಳಗಾಗುತ್ತದೆ, ಬೆಳ್ಳಗಿದ್ದದ್ದು ಕಪ್ಪಾಗುತ್ತದೆ. ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು, ರಾಳ ತುಂಬದ ಜಾಗ. ಹಳದಿಯಾಗಿದ್ದ ಪದರವನ್ನು ಉಜ್ಜಿ ತೆಗೆಯಬೇಕು, ಆದರೆ ಎಳೆಗೆ ಪೇಪರ್ ತಾಗಬಾರದು. ಒಮ್ಮೆ ಎಳೆ ಕತ್ತರಿಸಿದರೆ ಆ ಗುರುತು ಕ್ಲಿಯರ್ ಕೆಳಗೆ ಹಾಗೇ ಉಳಿಯುತ್ತದೆ. ಅಂಗಡಿಯ ಹುಡುಗರ ಕೈಗೆ ಕೊಡಲಿಲ್ಲ, ನಾನೇ ನೀರು ಹಾಕಿಕೊಂಡು ಬೆರಳ ತುದಿಯಲ್ಲಿ ಉಜ್ಜಿದೆ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ತರಿಸಿ ತೆಳ್ಳಗೆ ಹೊಡೆದೆ, ಒಣಗಿಸಿದೆ, ಮತ್ತೆ ಉಜ್ಜಿದೆ, ಮತ್ತೆ ಹೊಡೆದೆ. ಅಂಗೈ ಅಗಲದ ಮಡ್‌ಗಾರ್ಡ್‌ಗೆ ಇಷ್ಟು ಪಾಡು.

ಹಾಗಿದ್ದರೆ ಇಡೀ ಕಾರು ಹೀಗಿದ್ದರೆ? 2018ರ ಜಿನೀವಾ ಮೋಟಾರ್ ಶೋನಲ್ಲಿ ಅಂಥ ಸೆನ್ನಾ ಒಂದನ್ನು ನಿಲ್ಲಿಸಿದ್ದರು. ಕೊಂಡವರು ಹೇಳಿದಂತೆ ಕಾರನ್ನು ಸಿಂಗರಿಸಿಕೊಡುವ ಎಂಎಸ್‌ಒ ಅನ್ನುವ ವಿಭಾಗ ಮ್ಯಾಕ್ಲಾರೆನ್‌ನಲ್ಲೇ ಇದೆ, ಅವರ ಕೆಲಸ. ಹೊರಮೈಯಲ್ಲಿ ಕಾಣುವ ಕಾರ್ಬನ್ ಭಾಗಗಳೇ 67. ಅದಕ್ಕೆ ಹಿಡಿದದ್ದು ಹತ್ತಿರ ಹತ್ತಿರ 1,000 ಗಂಟೆ. ಅಲ್ಲಲ್ಲಿ ಹಳದಿ, ಹಸಿರು ಬಿಟ್ಟರೆ ಬೇರೆ ಬಣ್ಣ ಇಲ್ಲ. ಫೋಟೊ ದೊಡ್ಡದು ಮಾಡಿಕೊಂಡು ನೋಡುತ್ತಲೇ ಇರುತ್ತೇನೆ. ಒಂದು ಭಾಗದ ಹೆಣಿಗೆ ಪಕ್ಕದ ಭಾಗದ ಹೆಣಿಗೆಗೆ ಸರಿಯಾಗಿ ಕೂಡಬೇಕು. ಬಟ್ಟೆ ಒಂದೆಳೆ ಜರುಗಿದರೂ ಗೆರೆ ಸೊಟ್ಟ ಕಾಣುತ್ತದೆ. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಮಾಡುವವರು ತುಂಡು ತುಂಡು ಮರವನ್ನು ತಿರುಗಿಸಿ ತಿರುಗಿಸಿ ನೋಡಿ, ನಾರಿನ ಓಟ ಹೊಂದಿದ ಮೇಲೇ ಕೂರಿಸುತ್ತಾರೆ. ಆ ಕಣ್ಣೇ ಇಲ್ಲೂ ಬೇಕು.

ಕಾರ್ಬನ್ ಬರೀ ಶೋಕಿಗೆ ಬಂದದ್ದಲ್ಲ, ಅದನ್ನೂ ಹೇಳಬೇಕು. 1981ರಲ್ಲಿ ಜಾನ್ ಬರ್ನಾರ್ಡ್ ಅನ್ನುವ ಡಿಸೈನರ್ ಮ್ಯಾಕ್ಲಾರೆನ್‌ಗೆ ಎಂಪಿ4/1 ಅನ್ನುವ ರೇಸ್ ಕಾರು ಮಾಡಿದರು. ಅದರ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಕಾರ್ಬನ್ ಫೈಬರ್‌ನದು. ಫಾರ್ಮುಲಾ ಒನ್‌ನಲ್ಲಿ ಅದೇ ಮೊದಲು. ಡಿಕ್ಕಿ ಹೊಡೆದರೆ ಪುಡಿಪುಡಿಯಾಗುತ್ತೆ ಅಂತ ಹಲವರು ಹೆದರಿಸಿದ್ದರು. ಅದೇ ವರ್ಷ ಇಟಲಿಯ ಮೊಂಜಾದ ರೇಸಿನಲ್ಲಿ ಮ್ಯಾಕ್ಲಾರೆನ್ ಡ್ರೈವರ್ ಜಾನ್ ವಾಟ್ಸನ್ ಅದನ್ನು ಜೋರಾಗಿ ಗುದ್ದಿಸಿದರು. ಎಂಜಿನ್ ಸಮೇತ ಹಿಂಭಾಗ ಕಿತ್ತುಹೋಯಿತು. ಅವರು ಕೂತಿದ್ದ ಕಾರ್ಬನ್ ತೊಟ್ಟಿ ಗಟ್ಟಿಯಾಗಿ ಉಳಿಯಿತು, ಅವರು ಎದ್ದು ನಡೆದುಕೊಂಡು ಬಂದರು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಸೆನ್ನಾ ಕಾರಿನ ಒಳಗಿರುವ ತೊಟ್ಟಿಯೂ ಅದೇ ಜಾತಿಯದು. ಕಾರನ್ನೂ ಜನರನ್ನೂ ಕಾಪಾಡುವ ವಸ್ತು ಯಾವುದೋ ಅದನ್ನೇ ಹೊರಗೂ ತೋರಿಸುತ್ತಿದ್ದಾರೆ. ಹಾಗಾಗಿ ಮಾಮೂಲಿ ಕಾರಿನ ಬಾನೆಟ್‌ಗೆ ಕಾರ್ಬನ್ ಚಿತ್ರದ ಸ್ಟಿಕರ್ ಹಚ್ಚಿಕೊಡಿ ಅಂತ ಬಂದವರಿಗೆ ನಾನು ಬೇಡ ಅನ್ನುತ್ತೇನೆ. ಒಳ್ಳೆಯ ಬಣ್ಣವನ್ನೇ ಹೊಡೆದುಕೊಡುತ್ತೇನೆ, ಬಾಳಿಕೆಯೂ ಬರುತ್ತದೆ.

ಕಾರಿಗೆ ಇಟ್ಟಿರುವುದು ಬ್ರೆಜಿಲ್‌ನ ಫಾರ್ಮುಲಾ ಒನ್ ಡ್ರೈವರ್ ಐರ್ಟನ್ ಸೆನ್ನಾ ಅವರ ಹೆಸರು. ಮ್ಯಾಕ್ಲಾರೆನ್ ಓಡಿಸಿ 1988, 1990, 1991ರಲ್ಲಿ ವಿಶ್ವ ಚಾಂಪಿಯನ್ ಆದರು. 1994ರ ಮೇ 1ರಂದು ಇಮೋಲಾದ ರೇಸಿನಲ್ಲಿ ತೀರಿಕೊಂಡರು. ಅವರ ಹಳದಿ ಹೆಲ್ಮೆಟ್ ಯಾರಿಗೆ ಗೊತ್ತಿಲ್ಲ? ಹಳದಿ ಮೈ, ಸುತ್ತ ಹಸಿರು ಪಟ್ಟೆ, ನೀಲಿ ಪಟ್ಟೆ. ಬ್ರೆಜಿಲ್ ಬಾವುಟದ ಬಣ್ಣಗಳು. ಆದರೆ ಅದನ್ನು ಬಿಡಿಸಿದವರ ಹೆಸರು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಸಿಡ್ ಮೋಸ್ಕಾ, ಸಾವೊ ಪೌಲೊದ ಪೇಂಟರ್. ಸೆನ್ನಾ ಇನ್ನೂ ಕಾರ್ಟ್ ಅನ್ನುವ ಪುಟ್ಟ ರೇಸ್ ಗಾಡಿ ಓಡಿಸುವ ಹುಡುಗನಾಗಿದ್ದಾಗ ಈ ವಿನ್ಯಾಸ ಮಾಡಿಕೊಟ್ಟರು. ಎಷ್ಟೋ ದೂರದಿಂದ ನೋಡಿದರೂ ಒಳಗೆ ಕೂತಿರುವುದು ಯಾರು ಅಂತ ಗೊತ್ತಾಗಬೇಕು, ಅದೂ ಆ ವೇಗದಲ್ಲಿ. ಮೂರೇ ಬಣ್ಣದಲ್ಲಿ ಆ ಕೆಲಸ ಮುಗಿಸಿದರು. ನನ್ನ ಪಾಲಿಗೆ ಅವರು ಗುರು. ಜಿನೀವಾದ ಕಾರಿನಲ್ಲಿ ಆ ಹಳದಿ, ಹಸಿರು ಕಂಡಾಗ ನನಗೆ ಮೊದಲು ನೆನಪಾದದ್ದು ಅವರೇ.

ಸೆನ್ನಾ ಕಾರು ನಾನು ಎದುರಿಗೆ ನೋಡಿಲ್ಲ. ನೋಡುವ ಅವಕಾಶ ಬಂದರೆ ಎಂಜಿನ್ ಸ್ಟಾರ್ಟ್ ಮಾಡಿ ಅಂತ ಕೇಳುವುದಿಲ್ಲ. ಬಾಗಿಲ ಪಕ್ಕ ಮೊಣಕಾಲೂರಿ ಕೂತು, ಹೆಣಿಗೆ ಎರಡು ಭಾಗ ಸೇರುವ ಕಡೆ ನೋಡುತ್ತೇನೆ. ಅದನ್ನು ಮಾಡಿದ ಕೈಗಳ ಹತ್ತಿರ ಕೇಳಬೇಕಾದದ್ದು ತುಂಬಾ ಇದೆ. ಕೊನೆಯ ಕೋಟ್‌ಗೆ ಮುಂಚೆ ಎಷ್ಟು ನಂಬರ್ ಪೇಪರ್ ಹಾಕುತ್ತೀರಿ? ಲೈಟ್ ಯಾವ ಕಡೆಯಿಂದ ಬಿಡುತ್ತೀರಿ? ಸೂಜಿ ತೂತು ಕಂಡರೆ ತುಂಬುತ್ತೀರಾ, ಇಲ್ಲ ಆ ಭಾಗವನ್ನೇ ಪಕ್ಕಕ್ಕಿಡುತ್ತೀರಾ? 66 ಭಾಗ ಸರಿಯಾಗಿ ಬಂದು 67ನೆಯದರ ಹೆಣಿಗೆ ಒಂದೆಳೆ ಜರುಗಿದ್ದರೆ, ಅದನ್ನು ಬೇಡ ಅನ್ನುವ ಮಾತು ಯಾರದು, ಮೇಸ್ತ್ರಿಯದಾ, ಉಜ್ಜಿದವನದಾ?