ನಮ್ಮ ಭಾನುವಾರ ಗುರುವಾರ ಬರುತ್ತಿತ್ತು

ಮೊನ್ನೆ ಭಾನುವಾರ ಸಂಜೆ ಪುಣೆಯ ಖಡ್ಕಿಯಲ್ಲಿ ಕನ್ನಡ ಆರಾಧನೆ ಮುಗಿಸಿ ಮನೆಗೆ ಬರುತ್ತಿದ್ದೆವು. ಬೈಕಿನ ಹಿಂದೆ ಕೂತ ಮಗಳು ಹೇಳಿದಳು, "ಅಪ್ಪಾ, ಇವತ್ತು ವರ್ಷಿಪ್ ಬೇಗ ಮುಗೀತು. ಮೆಸೇಜೇ ಉದ್ದ ಆಯ್ತು."

ಅವಳ ಲೆಕ್ಕದಲ್ಲಿ ವರ್ಷಿಪ್ ಅಂದರೆ ಹಾಡು. ಗಿಟಾರು, ಕೀಬೋರ್ಡು, ಕಣ್ಣು ಮುಚ್ಚಿ ನಾಲ್ಕು ಹಾಡು. ಆಮೇಲೆ ನಡೆಯುವ ಬೈಬಲ್ ವಾಕ್ಯ ಓದುವುದು, ಅವಳು ಮೆಸೇಜ್ ಅನ್ನುವ ಪ್ರಸಂಗ, ಕಾಣಿಕೆ, ಆಶೀರ್ವಾದ ಎಲ್ಲ ಬೇರೆ ಏನೋ. ಅವಳೂ ಆ ಹಾಡಿನ ಗುಂಪಿನಲ್ಲಿ ಇದ್ದಾಳೆ, ಚೆನ್ನಾಗಿ ಹಾಡುತ್ತಾಳೆ. ನನಗೆ ಗಿಟಾರಿನ ಮೇಲೆ ಸಿಟ್ಟಿಲ್ಲ. ಆದರೂ ಮಾತು ಎಲ್ಲೋ ಚುಚ್ಚಿತು. ಹ್ಯಾರಿಸ್ ಬ್ರಿಜ್ ಮೇಲೆ ಟ್ರಾಫಿಕ್ ನಿಂತಿತ್ತು. ಅಲ್ಲಿಂದ ಕಾಸರವಾಡಿವರೆಗೆ ಅವಳಿಗೆ ಗುರುವಾರದ ಕಥೆ ಹೇಳಿದೆ. ಅರ್ಧ ಗಾಳಿಗೆ ಹೋಯಿತು, ಹೆಲ್ಮೆಟ್ ಬೇರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗದಗ ಪಕ್ಕದ ಬೆಟಗೇರಿಯವನು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಜರ್ಮನ್ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ ಹಿಡಿದು ನಮ್ಮ ಬೆಟಗೇರಿವರೆಗೂ ಬಂದರು. ನಮ್ಮ ಕಡೆ ಇವತ್ತಿಗೂ ಅವರ ಆಸ್ಪತ್ರೆಗೆ ಜರ್ಮನ್ ಆಸ್ಪತ್ರೆ ಅಂತಲೇ ಹೆಸರು. ಅಜ್ಜ ನೇಕಾರ. ಶನಿವಾರ ಸಂಜೆ ಮಗ್ಗ ನಿಂತರೆ ಮತ್ತೆ ಅದರ ಸದ್ದು ಸೋಮವಾರವೇ. ಭಾನುವಾರ ಅಂದರೆ ಗಂಟೆ. ಮೊದಲನೇ ಗಂಟೆಗೆ ಸ್ನಾನ, ಎರಡನೇ ಗಂಟೆಗೆ ಮನೆ ಬಿಡಬೇಕು, ಮೂರನೆಯದು ಹೊಡೆಯುವ ಹೊತ್ತಿಗೆ ಬೆಂಚಿನ ಮೇಲೆ ಕೂತಿರಬೇಕು. ಇಷ್ಟು ಸರಳ. ಆರಾಧನೆ ಅಂದರೆ ಏನು ಅಂತ ಯಾರೂ ಕೇಳುತ್ತಿರಲಿಲ್ಲ. ಗಂಟೆ ಹೊಡೆಯುತ್ತಿತ್ತು, ನಾವು ಹೋಗುತ್ತಿದ್ದೆವು.

1999ರಲ್ಲಿ ಐಟಿಐ ಮುಗಿಸಿ ಪುಣೆಗೆ ಬಂದೆ. ಭೋಸರಿ ಎಂಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪ್, ಲೇಥ್ ಮೇಲೆ ಟರ್ನರ್ ಕೆಲಸ. ಮೊದಲ ಶನಿವಾರ ಸಂಜೆ ಮನೆಗೆ ಹೊರಡುವಾಗ ಫೋರ್‌ಮನ್‌ಗೆ "ಸೋಮವಾರ ಬರ್ತೀನಿ" ಅಂದೆ. ಅವನು ನಕ್ಕ. ಪಿಂಪ್ರಿ, ಚಿಂಚವಾಡ, ಭೋಸರಿ ಕಡೆ ಕಾರ್ಖಾನೆಗಳ ವಾರದ ರಜೆ ಗುರುವಾರ. ಕರೆಂಟಿನ ಹೊರೆ ಹಂಚಲು ಮಾಡಿಕೊಂಡ ಏರ್ಪಾಡು. ಪುಣೆಯಲ್ಲಿ ಇದ್ದವರಿಗೆ ಗೊತ್ತು, ಲೈನ್ ರಿಪೇರಿ ಅಂತ ಕರೆಂಟ್ ತೆಗೆಯೋದೂ ಗುರುವಾರವೇ. ಭಾನುವಾರ ಮಾಮೂಲಿ ಕೆಲಸದ ದಿನ.

ಏಳು ತಿಂಗಳು ನಾನು ಆರಾಧನೆಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಜಾಬ್ ಕಟ್ಟಿ ಟೂಲ್ ಇಳಿಸುವಾಗ, ಈಗ ಊರಲ್ಲಿ ಎರಡನೇ ಗಂಟೆ ಹೊಡೆದಿರಬೇಕು ಅನ್ನಿಸುತ್ತಿತ್ತು. ದೇವರು ಎಲ್ಲ ಕಡೆ ಇದ್ದಾನೆ, ಮನಸ್ಸಿನಲ್ಲೇ ಮಾಡಿದರೆ ಸಾಕು ಅಂದುಕೊಂಡೆ. ಈ ಮಾತನ್ನು ಈಗಲೂ ತುಂಬ ಜನ ಹೇಳುತ್ತಾರೆ. ನಾನು ಮಾಡಿ ನೋಡಿದ್ದೇನೆ. ಏಳು ತಿಂಗಳು ನನ್ನ ಮನಸ್ಸಿನಲ್ಲಿ ಇದ್ದದ್ದು ಓವರ್‌ಟೈಮ್ ಲೆಕ್ಕ ಮತ್ತು ಮೆಸ್ಸಿನ ಸಪ್ಪೆ ಬೇಳೆ, ಅಷ್ಟೇ. ಒಂದು ಭಾನುವಾರ ತಡೆಯಲಾಗದೆ ರಜೆ ಹಾಕಿ ಚರ್ಚಿಗೆ ಹೋದೆ. ಖಾಡಾ, ಅಂದರೆ ಗೈರುಹಾಜರಿ, ಅಂತ ಬರೆದು ಎರಡು ದಿನದ ಪಗಾರ ಕತ್ತರಿಸಿದರು.

ಆ ವಾರವೇ ಕಾಕಾ ಸಿಕ್ಕಿದ್ದು. ಟೀ ಅಂಗಡಿಯಲ್ಲಿ ಯಾರ ಜೊತೆಗೋ ಕನ್ನಡ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಹಿರಿಯರು, "ಯಾವೂರಪಾ ತಮ್ಮಾ?" ಅಂದರು. ಬೆಟಗೇರಿ ಅಂದೆ. ಮನೆತನ ಕೇಳಿದರು. ಹೇಳಿದೆ. "ಹಂಗಾರ ಬ್ಯಾಸ್ತವಾರ ಬಾ" ಅಂದರು. ಅಷ್ಟೇ ಆಹ್ವಾನ.

ಕಾಕಾನ ರೂಮು ಕಾಸರವಾಡಿಯಲ್ಲಿ, ರೈಲು ಹಳಿಗೆ ಹತ್ತಿದ ಚಾಳಿನಲ್ಲಿ. ಹತ್ತು ಬೈ ಹನ್ನೆರಡು. ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿದರೆ ಹದಿನಾಲ್ಕು ಜನ ಜಮಖಾನದ ಮೇಲೆ ಕೂರಬಹುದಿತ್ತು. ಎಲ್ಲ ಗುರುವಾರದ ರಜೆಯವರು. ಬೀದರ್, ಕಲಬುರಗಿ ಕಡೆಯ ಮೆಥಡಿಸ್ಟರು, ನಮ್ಮಂಥ ಬಾಸೆಲ್ ಮಿಶನ್ನಿನವರು, ಜೊತೆಗೆ ಶಿವಮೊಗ್ಗದ ಒಬ್ಬ ಕೆಥೊಲಿಕ್ ಹುಡುಗ. ಒಂದೇ ಹಾಡಿಗೆ ಎರಡು ರಾಗ. ಗಟ್ಟಿಯಾಗಿ ಹಾಡುವವರದು ಗೆಲ್ಲುತ್ತಿತ್ತು. ಕರ್ತನ ಪ್ರಾರ್ಥನೆ ಹೇಳುವಾಗ ನಾವೆಲ್ಲ "ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು" ಅಂದರೆ, ಆ ಹುಡುಗ "ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿಮ್ಮ ನಾಮವು" ಅನ್ನುತ್ತಿದ್ದ. ದೇವರನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಅಂತ ಒಂದು ಸಲ ಅರ್ಧ ಗಂಟೆ ವಾದ ನಡೆಯಿತು. ಕಾಕಾನ ಹೆಂಡತಿ ಕಾಕು ಗಿರ್ಮಿಟ್ ತಂದಿಟ್ಟ ಮೇಲೆ ಅದು ನಿಂತಿತು.

ಲೋಕಲ್ ಹಾದು ಹೋಗುವಾಗ ಏನೂ ಕೇಳುತ್ತಿರಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದವರು ಅಲ್ಲೇ ನಿಲ್ಲುತ್ತಿದ್ದರು, ಗಾಡಿ ಹೋದ ಮೇಲೆ ಬಿಟ್ಟ ಪದದಿಂದ ಮುಂದುವರಿಸುತ್ತಿದ್ದರು. ನಮಗೆ ಎಷ್ಟು ರೂಢಿಯಾಗಿತ್ತು ಅಂದರೆ, ಊರಿಗೆ ಹೋದಾಗ ಅಡೆತಡೆ ಇಲ್ಲದ ಪ್ರಾರ್ಥನೆ ಸ್ವಲ್ಪ ಉದ್ದ ಅನ್ನಿಸುತ್ತಿತ್ತು.

ಪಾದ್ರಿ ಇರಲಿಲ್ಲ. ಕಾಕಾ ಫಿಟ್ಟರ್. ಒಂದು ಕೀರ್ತನೆ ಓದುವುದು, ಹಾಡು, ಸುವಾರ್ತೆಯಿಂದ ಒಂದು ಭಾಗ, ಅದರ ಮೇಲೆ ಕಾಕಾನ ಹತ್ತು ನಿಮಿಷದ ಮಾತು. ಆಮೇಲೆ ಹೆಸರು ಹಿಡಿದು ಪ್ರಾರ್ಥನೆ. ಯಾರ ತಾಯಿಗೆ ಕಾಲುನೋವು, ಯಾರ ತಂಗಿಯ ಮದುವೆ ನಿಂತಿದೆ, ಯಾರನ್ನು ಕೆಲಸದಿಂದ ತೆಗೆದರು, ಎಲ್ಲ ಬರುತ್ತಿತ್ತು. ಕೊನೆಗೆ ಒಂದು ಸ್ಟೀಲ್ ಡಬ್ಬಿ ಸುತ್ತು ಹೊಡೆಯುತ್ತಿತ್ತು. ಅದಕ್ಕೆ ಎಷ್ಟು ತಿಕ್ಕಿದರೂ ಉಪ್ಪಿನಕಾಯಿ ವಾಸನೆ. ಆ ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನು ಕಾಕಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಔಷಧಿಗೆ 60. ಊರಿಗೆ ಹೋಗೋಕೆ ಬಸ್ ಚಾರ್ಜ್ 140. ಹೊಸದಾಗಿ ಬಂದ ಹುಡುಗನಿಗೆ ಚಾದರ 85. ನಂದೂ ಒಂದು ಸಾಲು ಅದರಲ್ಲಿ ಇದೆ, ಆ ಎರಡು ದಿನದ ಪಗಾರದ್ದು.

ಜೇವರ್ಗಿಯ ಒಬ್ಬ ಹುಡುಗ ಇದ್ದ, ಫೋರ್ಜಿಂಗ್ ಕಂಪನಿಯಲ್ಲಿ ನೈಟ್ ಶಿಫ್ಟು. ಬುಧವಾರ ರಾತ್ರಿಯ ಶಿಫ್ಟು ಮುಗಿಸಿ ಗುರುವಾರ ಬೆಳಿಗ್ಗೆ ನೆಟ್ಟಗೆ ಇಲ್ಲಿಗೇ ಬರುತ್ತಿದ್ದ. ಮೊದಲ ಹಾಡಿಗೆ ಬಾಯಿ ತೆರೆಯುತ್ತಿದ್ದ. ಎರಡನೆಯದಕ್ಕೆ ತಲೆ ಗೋಡೆಗೆ ಒರಗುತ್ತಿತ್ತು. ಸುವಾರ್ತೆ ಓದುವ ಹೊತ್ತಿಗೆ ಗೊರಕೆ. ನನಗೆ ನಾಚಿಕೆಯಾಗಿ ಒಂದು ದಿನ ಮೊಣಕೈಯಿಂದ ತಿವಿದೆ. ಕಾಕಾ ಓದು ನಿಲ್ಲಿಸಿದರು.

"ಮಲಗ್ಲಿ ಬಿಡೋ. ಪೌಲನ ಮುಂದನ ಒಬ್ಬ ಮಲಗಿದ್ದ, ನಂದೇನ್ ದೊಡ್ಡದು? ಅಂವಾ ಮೂರನೇ ಅಂತಸ್ತಿನಿಂದ ಬಿದ್ದ. ನಮ್ದು ತಳಮನಿ, ಬಿದ್ರ ಏನಾಗೂದಿಲ್ಲ."

ಎಲ್ಲರೂ ನಕ್ಕೆವು. ಹುಡುಗ ಏಳಲಿಲ್ಲ. ಕಾಕು ಬಂದು ಅವನ ತಲೆಯ ಕೆಳಗೆ ಒಂದು ದಿಂಬು ಇಟ್ಟರು.

ಆ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿದೆ. ತ್ರೋವ ಪಟ್ಟಣ, ವಾರದ ಮೊದಲನೇ ದಿನ, ರೊಟ್ಟಿ ಮುರಿಯಲು ಸೇರಿದ್ದಾರೆ. ಹೊತ್ತು ರಾತ್ರಿ. ಕೋಣೆಯಲ್ಲಿ ಬಹಳ ದೀಪಗಳು. ಅಪೊಸ್ತಲ ಪೌಲ ನಡುರಾತ್ರಿವರೆಗೆ ಮಾತಾಡುತ್ತಾನೆ, ಕಿಟಕಿಯಲ್ಲಿ ಕೂತ ಹುಡುಗ ತೂಕಡಿಸಿ ಬೀಳುತ್ತಾನೆ. ಸತ್ತ ಅಂದುಕೊಂಡು ಎತ್ತುತ್ತಾರೆ, ಬದುಕುತ್ತಾನೆ. ಸಂಡೇ ಸ್ಕೂಲಿನಲ್ಲಿ ಇದನ್ನು 'ಪ್ರಸಂಗದಲ್ಲಿ ಮಲಗಬಾರದು' ಅನ್ನೋದಕ್ಕೆ ಹೇಳುತ್ತಿದ್ದರು. ರಾತ್ರಿ ಯಾಕೆ ಸೇರಿದರು ಅಂತ ಯಾರೂ ಹೇಳಲಿಲ್ಲ. ಅವರಿಗೂ ಭಾನುವಾರ ರಜೆ ಇರಲಿಲ್ಲ ನೋಡಿ. ಆ ಹುಡುಗನೂ ದಿನವಿಡೀ ಎಲ್ಲೋ ಮೈಮುರಿದು ಬಂದಿರಬೇಕು.

ಆಮೇಲೆ ನನಗೆ ಇದರ ಹುಚ್ಚು ಹಿಡಿಯಿತು. ಸಿಕ್ಕಿದ್ದನ್ನು ಓದಿದೆ. ಸುಮಾರು 112ರಲ್ಲಿ ಪ್ಲಿನಿ ಅನ್ನುವ ರೋಮನ್ ಅಧಿಕಾರಿ ಈಗಿನ ಟರ್ಕಿಯಿಂದ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ. ಈ ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಸರದಿಯಲ್ಲಿ ಹಾಡುತ್ತಾರೆ, ಚದುರಿ ಹೋಗಿ ಆಮೇಲೆ ಮತ್ತೆ ಊಟಕ್ಕೆ ಸೇರುತ್ತಾರೆ ಅಂತ. ಬಾಯಿ ಬಿಡಿಸಲು ಅವನು ಹಿಂಸೆ ಕೊಟ್ಟದ್ದು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ. ದಾಸಿಯರು! ಅವರಿಗೆ ರಜೆ ಯಾರು ಕೊಡುತ್ತಿದ್ದರು? ಫಸ್ಟ್ ಶಿಫ್ಟಿಗೆ ಮುಂಚೆ ಆರಾಧನೆ ಮುಗಿಸಬೇಕಿತ್ತು, ಅಷ್ಟೇ.

ಸುಮಾರು 155ರಲ್ಲಿ ರೋಮಿನಲ್ಲಿ ಜಸ್ಟಿನ್ ಅನ್ನುವ ಕ್ರೈಸ್ತ ಬರಹಗಾರ ಬರೆದದ್ದು ಇನ್ನೂ ಚೆಂದ. ಅಪೊಸ್ತಲರ, ಪ್ರವಾದಿಗಳ ಬರಹಗಳನ್ನು ಓದುತ್ತೇವೆ, ಸಮಯ ಇರುವಷ್ಟು ಹೊತ್ತು ಅನ್ನುತ್ತಾನೆ. ಸಮಯ ಇರುವಷ್ಟು ಹೊತ್ತು! ಆಮೇಲೆ ಬುದ್ಧಿಮಾತು, ಎದ್ದು ನಿಂತು ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ, ಎಲ್ಲರೂ ಆಮೆನ್. ಬರಲಾಗದವರಿಗೆ ಅವರ ಪಾಲನ್ನು ಸೇವಕರು ಒಯ್ದು ಕೊಡುತ್ತಾರೆ. ಉಳ್ಳವರು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಜೈಲಿನಲ್ಲಿ ಇದ್ದವರಿಗೆ, ಪರಊರಿನಿಂದ ಬಂದವರಿಗೆ. ಇದನ್ನು ಓದಿ ನನಗೆ ನೆನಪಾದದ್ದು ಆ ಡಬ್ಬಿ. ಹಾಡು, ಓದು, ಡಬ್ಬಿ, ಯಾರದೋ ಪಾಲು ಎತ್ತಿಡುವುದು, ಎಲ್ಲ ಸೇರಿ ಒಂದೇ ಕೆಲಸ ಅವನಿಗೆ. ಇದರಲ್ಲಿ ವರ್ಷಿಪ್ ಎಲ್ಲಿ ಮುಗಿದು ಮೆಸೇಜ್ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಮಗಳಿಗೂ ಆಗುವುದಿಲ್ಲ.

ಭಾನುವಾರದ ರಜೆ ಬಂದದ್ದು 321ರಲ್ಲಿ, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಆಜ್ಞೆಯಿಂದ. ಪಟ್ಟಣದ ಕಸುಬಿನ ಕಾರ್ಖಾನೆಗಳೆಲ್ಲ ಮುಚ್ಚಿರಬೇಕು, ರೈತರಿಗೆ ಮಾತ್ರ ಬೇಕಿದ್ದರೆ ದುಡಿಯಲು ಅನುಮತಿ. ನಮ್ಮ ಮಹಾರಾಷ್ಟ್ರದಲ್ಲಿ ಅದನ್ನು ದುಡಿಯುವವರು ತಾವೇ ಹೋರಾಡಿ ಪಡೆದರು. ಜೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಬಾಂಬೆಯ ಗಿರಣಿ ಕಾರ್ಮಿಕರಿಗಾಗಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಕೊಡಿಸಿದರು. ಭಾನುವಾರ ಖಂಡೋಬನ ವಾರ ಕೂಡ. ನಮ್ಮ ಕಡೆಯ ಮೈಲಾರನೇ ಜೇಜುರಿಯ ಖಂಡೋಬ. ಇವತ್ತು ನಾನು ಭಾನುವಾರ ಇಸ್ತ್ರಿ ಬಟ್ಟೆ ಹಾಕಿ ಚರ್ಚಿಗೆ ಹೋಗುವುದರಲ್ಲಿ ಲೋಖಂಡೆಯವರ ಪಾಲೂ ಇದೆ ಅಂತ ಒಂದು ಸಲ ಸಭೆಯಲ್ಲಿ ಹೇಳಿದೆ. ಹಿರಿಯರೊಬ್ಬರಿಗೆ ಅಷ್ಟು ಹಿಡಿಸಲಿಲ್ಲ.

ಹಾಗಂತ ದಿನಕ್ಕೆ ಬೆಲೆಯೇ ಇಲ್ಲ ಅಂತ ಅಲ್ಲ. ಕರ್ತನು ಎದ್ದ ದಿನ ಭಾನುವಾರ. ಅದು ತಪ್ಪಿದ್ದು ನನಗೆ ಕೊನೆಯವರೆಗೂ ನೋವೇ. ಗುರುವಾರದಲ್ಲಿ ನಮಗೆ ಪೂರ್ತಿಯಾಗಿ ದಕ್ಕಿದ್ದು ಒಂದು ಹಬ್ಬ, ಕರ್ತನ ಕೊನೆಯ ರಾತ್ರಿಯ ಊಟದ ಆ ಪವಿತ್ರ ಗುರುವಾರ. 2000ದ ಏಪ್ರಿಲ್ 20. ಅವತ್ತು ಪಾದ್ರಿ ಅಯ್ಯನವರೊಬ್ಬರು ಬಸ್ಸಿನಲ್ಲಿ ಬಂದು ನಮಗೆ ರೊಟ್ಟಿ, ರಸ ಕೊಟ್ಟರು. ರಸ ಕಾಕು ಮಾಡಿದ್ದು, ಕಪ್ಪು ದ್ರಾಕ್ಷಿ ಹಿಂಡಿ. ಜೇವರ್ಗಿಯವನನ್ನು ಅವತ್ತು ಮಾತ್ರ ಕಾಕಾ ಎಬ್ಬಿಸಿದರು. ಕೆಂಪು ಕಣ್ಣು ಬಿಟ್ಟುಕೊಂಡು ಕೈ ಚಾಚಿದ.

ಮರುದಿನ ಶುಭ ಶುಕ್ರವಾರ. ಊರಲ್ಲಿ 12ರಿಂದ 3ರವರೆಗೆ ಚರ್ಚಿನಲ್ಲಿ ಇರುತ್ತಿದ್ದೆ. ಇಲ್ಲಿ ಲೇಥ್ ಮುಂದೆ ಇದ್ದೆ. ಸರಿಯಾಗಿ 3ಕ್ಕೆ ಮಷೀನ್ ಬಂದ್ ಮಾಡಿ ತಲೆ ತಗ್ಗಿಸಿ ನಿಂತೆ. ಬೈಬಲಿನಲ್ಲಿ ಆರಾಧನೆಗೆ ಬರುವ ಹೀಬ್ರೂ ಪದಗಳಲ್ಲಿ ಒಂದಕ್ಕೆ ಅಡ್ಡಬೀಳುವುದು ಅಂತಲೇ ಅರ್ಥ. ಇನ್ನೊಂದಕ್ಕೆ ದುಡಿಮೆ ಅಂತಲೂ ಅರ್ಥ, ಹೊಲದಲ್ಲಿ ಗೇಯುವುದಕ್ಕೂ ದೇವಾಲಯದ ಸೇವೆಗೂ ಅದೇ ಪದ. ಅವತ್ತು ಇದೆಲ್ಲ ನನಗೆ ಗೊತ್ತಿರಲಿಲ್ಲ. ಫೋರ್‌ಮನ್ ಬಂದು "ಕಾಯ್ ಝಾಲಂ?" ಅಂದ, ಏನಾಯ್ತು ಅಂತ. ಟೂಲ್ ಬಿಸಿಯಾಗಿದೆ ಅಂದೆ. ಸುಳ್ಳು. ಶುಭ ಶುಕ್ರವಾರವೇ ಸುಳ್ಳು ಹೇಳಿದೆನಲ್ಲ ಅಂತ ಆಮೇಲೆ ಪೇಚಾಟ.

2006ರಲ್ಲಿ ಭಾನುವಾರ ರಜೆ ಇರುವ ಕೆಲಸ ಸಿಕ್ಕಿತು. ಒಬ್ಬೊಬ್ಬರೇ ಬೇರೆ ಕಡೆ ಹೋದರು. ಕಾಕಾ ತೀರಿಕೊಂಡರು. ಕಾಕು ಮಗನ ಜೊತೆ ಹುಬ್ಬಳ್ಳಿಗೆ ಹೋಗುವಾಗ ಡಬ್ಬಿ, ನೋಟ್‌ಬುಕ್ ನನಗೆ ಕೊಟ್ಟರು. ಈಗ ನಮ್ಮ ಕನ್ನಡ ಸಭೆ ಮರಾಠಿಯವರ ಹಾಲಿನಲ್ಲಿ ಭಾನುವಾರ ಸಂಜೆ 4ಕ್ಕೆ ಸೇರುತ್ತದೆ. ಫ್ಯಾನು, ಮೈಕು, ಸ್ಕ್ರೀನಿನ ಮೇಲೆ ಹಾಡು, ಎಲ್ಲ ಇದೆ.

ಎರಡು ತಿಂಗಳಿಂದ ಒಬ್ಬ ಹುಡುಗ ಬರುತ್ತಾನೆ. ಊಟ ಡೆಲಿವರಿ ಮಾಡುವವನು. ಬಾಗಿಲ ಹತ್ತಿರ ನಿಂತಿರುತ್ತಾನೆ, ಬೆನ್ನಿಗೆ ಚೌಕದ ಬ್ಯಾಗು. ಮೊದಲ ಹಾಡು ಮುಗಿಯುವ ಮುಂಚೆ ಫೋನ್ ಕಿಣಿ ಅನ್ನುತ್ತದೆ, ಓಡುತ್ತಾನೆ. ಭಾನುವಾರ ಅವರಿಗೆ ಸೀಸನ್. ಮಗಳಿಗೆ ಅದು ಡಿಸ್ಟರ್ಬ್. ಬೈಕ್ ಮೇಲೆ ಅದನ್ನೂ ಹೇಳಿದ್ದಳು.

ಬುಧವಾರ ಅವನಿಗೆ ಫೋನ್ ಮಾಡಿದೆ. ವಾರದಲ್ಲಿ ಯಾವಾಗ ಆರ್ಡರ್ ಕಡಿಮೆ ಅಂತ ಕೇಳಿದೆ. "ಮಂಗಳವಾರ ಅಂಕಲ್, 3ರಿಂದ 6. ಯಾಕೆ?" ಅಂದ. ಅವನ ಜೊತೆ ರೂಮಿನಲ್ಲಿ ಇನ್ನಿಬ್ಬರು ಇದ್ದಾರಂತೆ, ಒಬ್ಬ ಹುಮನಾಬಾದಿನವನು. ನನಗೆ ಫಸ್ಟ್ ಶಿಫ್ಟು, 3ಕ್ಕೆ ಬಿಡುತ್ತದೆ.

ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ. ವಾಸನೆ ಇನ್ನೂ ಹೋಗಿಲ್ಲ. ಮಗಳಿಗೆ ಮಂಗಳವಾರ ಕಾಲೇಜು 2ಕ್ಕೇ ಬಿಡುತ್ತದೆ, ಮಂಡಕ್ಕಿ ತರೋಕೆ ಹೇಳಿದ್ದೇನೆ. ಗಿಟಾರ್ ತರಲಾ ಅಂತ ಕೇಳಿದಳು. ತಾ ಅಂದೆ, ಜಾಗ ಇದ್ದರೆ.