ನೋಕಿಯಾ 808ರಲ್ಲಿ ಹಳೇಬೀಡಿನ ಗೋಡೆ: ಮೂರನೆಯ ಸುತ್ತು

ಹಳೇಬೀಡಿನ ಗುಡಿಗೋಡೆಯ ಕೆತ್ತನೆಯನ್ನು ಹಳೆಯ ನೋಕಿಯಾ 808 ಫೋನಿನಲ್ಲಿ ತುಂಡುತುಂಡಾಗಿ ತೆಗೆದು, ಕಂಪ್ಯೂಟರಿನಲ್ಲಿ ಉದ್ದದ ಒಂದೇ ಚಿತ್ರವಾಗಿ ಜೋಡಿಸುವ ಪ್ರಯತ್ನ ಇದು. ಎರಡನೆಯ ಸುತ್ತಿನ ಹೊತ್ತಿಗೆ ಫೋನು ಸರಿಹೋಗಿತ್ತು, ಚಿತ್ರಗಳು ಮಾತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ. ಈ ಸಲ ಹೊಯ್ಸಳೇಶ್ವರ ಗುಡಿಯ ಪಶ್ಚಿಮ ಗೋಡೆಯಲ್ಲಿ, ಆನೆಸಾಲಿನಿಂದ ಹಂಸದ ಸಾಲಿನವರೆಗಿನ ಎಂಟು ಪಟ್ಟಿಕೆಗಳ (ಅಡ್ಡಸಾಲಿನ ಕೆತ್ತನೆಗಳ) ಮೂರು ಮುಖಗಳು ಚೊಕ್ಕವಾಗಿ ಕೂತಿವೆ. ಮೂಲೆಗಳು ಇನ್ನೂ ಹಟ ಹಿಡಿದಿವೆ.

ಇಷ್ಟು ಹಳೆಯ ಫೋನು ಯಾಕೆ ಎಂಬುದು ಮೊದಲ ಪ್ರಶ್ನೆ. 2012ರ 808 ಪ್ಯೂರ್‌ವ್ಯೂನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) 1/1.2 ಇಂಚಿನದು, ಒಂದೊಂದು ಪಿಕ್ಸೆಲ್ 1.4 ಮೈಕ್ರಾನ್. 41 ಮೆಗಾಪಿಕ್ಸೆಲ್ ಅನ್ನುವುದು ಇಡೀ ಸೆನ್ಸರಿನ ಲೆಕ್ಕ. 4:3 ಚಿತ್ರದಲ್ಲಿ ಕೈಗೆ ಸಿಗುವುದು 7152×5368, ಅಂದರೆ 38 ಮೆಗಾಪಿಕ್ಸೆಲ್. ಈಗಿನ 108, 200 ಮೆಗಾಪಿಕ್ಸೆಲ್ ಫೋನುಗಳಲ್ಲಿ ಒಂಬತ್ತು ಅಥವಾ ಹದಿನಾರು ಪಿಕ್ಸೆಲ್‌ಗಳ ಗುಂಪಿಗೆ ಒಂದೇ ಬಣ್ಣದ ಫಿಲ್ಟರ್ ಇರುತ್ತದೆ. ಪೂರ್ಣ ಗಾತ್ರದಲ್ಲಿ ನಡುವಿನ ಬಣ್ಣವನ್ನು ಲೆಕ್ಕ ಹಾಕಿ ತುಂಬುತ್ತಾರೆ, ಮೇಲೆ ಹರಿತಗೊಳಿಸುವ ಕೈಚಳಕ ಬೇರೆ. ಉಳಿಯ ಗುರುತು ನೋಡಬೇಕಾದವರಿಗೆ ಅದು ತೊಡಕು. 808ರಲ್ಲಿ ಬಣ್ಣಗಳು ಪಿಕ್ಸೆಲ್ ಪಿಕ್ಸೆಲ್‌ಗೂ ಬದಲಾಗುವ ಹಳೇ ಕ್ರಮವೇ ಇದೆ.

ಹಾಗೆಂದು 38ಕ್ಕೆ 38ನ್ನೂ ನಂಬಬೇಕಿಲ್ಲ. ಎಫ್/2.4ರಲ್ಲಿ (ಇದು ಲೆನ್ಸಿನ ಕಂಡಿಯ ಅಳತೆ) ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಅದು ಸೆನ್ಸರಿನ ಮೇಲೆ ಮೂಡಿಸುವ ಬೆಳಕಿನ ಚುಕ್ಕಿಯೇ ಸುಮಾರು 3.2 ಮೈಕ್ರಾನ್ ಅಗಲ. ಎರಡು ಪಿಕ್ಸೆಲ್ ದಾಟುತ್ತದೆ. ಎತ್ತರದ ದೊಡ್ಡ ವಿಗ್ರಹಗಳಿಗೆ 8 ಮೆಗಾಪಿಕ್ಸೆಲ್‌ನ ಪ್ಯೂರ್‌ವ್ಯೂ ಮೋಡೇ ಸಾಕು. ಹೆಚ್ಚುಕಡಿಮೆ ಐದು ಪಿಕ್ಸೆಲ್ ಸೇರಿ ಒಂದಾಗುವುದರಿಂದ ನೆರಳಿನ ಭಾಗವೂ ಶುದ್ಧವಾಗಿ ಬರುತ್ತದೆ. ಪಟ್ಟಿಕೆಗಳಿಗೆ ಮಾತ್ರ ಪೂರ್ಣ ಗಾತ್ರ.

ಬ್ಯಾಟರಿ ಬಿವಿ-4ಡಿ, 1400 ಎಂಎಎಚ್. ಹೊಸದೆಂದು ಸಿಗುವವುಗಳಲ್ಲೂ ಊದಿದವು ಇರುತ್ತವೆ. ಗಾಜಿನ ಮೇಲೆ ಮಲಗಿಸಿ ಬೆರಳಲ್ಲಿ ತಿರುಗಿಸಿದಾಗ ಬುಗುರಿಯಂತೆ ತಿರುಗಿದರೆ ಬೇಡ. ಫೋನನ್ನೇ ಬಿಚ್ಚುವವರು ಕ್ಸೆನಾನ್ ಫ್ಲ್ಯಾಷಿನ ಕೆಪಾಸಿಟರ್ ಮುಟ್ಟಬಾರದು. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಕೈ ಸುಡುವಷ್ಟು ವಿದ್ಯುತ್ ಉಳಿದಿರುತ್ತದೆ.

ಸೆಟ್ಟಿಂಗು: ಕ್ರಿಯೇಟಿವ್ ಮೋಡ್, ಫುಲ್ ರೆಸಲ್ಯೂಶನ್, 4:3, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 50. ಶಾರ್ಪ್‌ನೆಸ್, ಕಾಂಟ್ರಾಸ್ಟ್ ಎರಡೂ ಇಳಿಸಿ. ಎನ್‌ಡಿ ಫಿಲ್ಟರ್ (ಒಳಬರುವ ಬೆಳಕು ತಗ್ಗಿಸುವುದು) ನೆರಳಲ್ಲಿ ಆಫ್. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ಕಲ್ಲು ಒಮ್ಮೆ ಹಸಿರು, ಒಮ್ಮೆ ಬೂದು; ಒಂದಕ್ಕೆ ಗಟ್ಟಿಮಾಡಿ. ಬಳಪದ ಕಲ್ಲು ಕಪ್ಪಗಿರುವುದರಿಂದ ಫೋನಿನ ಬೆಳಕು ಅಳೆಯುವ ಮೀಟರು ಮೋಸಹೋಗಿ ಅದನ್ನು ಬೆಳ್ಳಗೆ ಮಾಡುತ್ತದೆ, ಅದಕ್ಕೆ ಎಕ್ಸ್‌ಪೋಶರ್ −0.7ರ ಆಸುಪಾಸು. ಈ ಫೋನಿನಲ್ಲಿ ರಾ ಕಡತ (ಸೆನ್ಸರಿನ ತಿದ್ದದ ಮಾಹಿತಿ) ಇಲ್ಲ, ಮರುವರ್ಷದ ಲೂಮಿಯಾ 1020ಕ್ಕೆ ಅದು ಆಮೇಲೆ ಅಪ್‌ಡೇಟಿನಲ್ಲಿ ಬಂತು. ಹಾಗಾಗಿ ಸ್ಥಳದಲ್ಲಿ ತಪ್ಪಿದ್ದನ್ನು ಮನೆಯಲ್ಲಿ ತಿದ್ದುವ ಆಸೆ ಬಿಡಬೇಕು.

ಕೆಟ್ಟ ಚಿತ್ರಗಳಲ್ಲಿ ಬಹುಪಾಲು ಕೈನಡುಕದವು. 808ರಲ್ಲಿ ಆಪ್ಟಿಕಲ್ ಸ್ಟೆಬಿಲೈಸೇಶನ್ (ನಡುಕ ಸರಿದೂಗಿಸುವ ಲೆನ್ಸ್ ವ್ಯವಸ್ಥೆ) ಇಲ್ಲ, ಶಟರ್ ವೇಗವನ್ನೂ ನಾವಾಗಿ ಇಡಲಾಗದು. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಉಳಿದ ದಾರಿಯೆಂದರೆ ಮೊಣಕೈ ಎದೆಗೆ ಒತ್ತಿ, ಶಟರ್ ಗುಂಡಿ ಅರ್ಧ ಅದುಮಿ, ಫೋಕಸ್ ಕೂತ ಮೇಲೆ ಉಸಿರು ಬಿಟ್ಟು ಪೂರ್ತಿ ಅದುಮುವುದು. ಪ್ರತಿ ಸಾಲಿನ ಮೊದಲ ಚಿತ್ರದ ಎಕ್ಸಿಫ್ (ಕಡತದೊಳಗೆ ದಾಖಲಾದ ಸೆಟ್ಟಿಂಗಿನ ವಿವರ) ನೋಡಿ. ಶಟರ್ ವೇಗ 1/100 ಸೆಕೆಂಡಿಗಿಂತ ನಿಧಾನವಿದ್ದರೆ ಐಎಸ್‌ಒ 100ಕ್ಕೆ ಏರಿಸಿ. ನಡುಗಿದ ಐಎಸ್‌ಒ 50ಕ್ಕಿಂತ ಚೂರು ಮರಳುಮರಳಾದ 100 ಎಷ್ಟೋ ವಾಸಿ.

ಗೋಡೆಯಿಂದ ದೂರ 1.5 ಮೀಟರ್. ಆಗ ಒಂದು ಚಿತ್ರದಲ್ಲಿ 1.87 ಮೀಟರ್ ಅಗಲ ಬರುತ್ತದೆ, ಮಿಲಿಮೀಟರಿಗೆ ನಾಲ್ಕು ಪಿಕ್ಸೆಲ್‌ಗೆ ತುಸು ಕಮ್ಮಿ. ಸುಮಾರು 1.3ರಿಂದ 1.8 ಮೀಟರಿನವರೆಗೆ ಫೋಕಸ್ ಹಿಡಿಯುತ್ತದೆ. ಕೆತ್ತನೆಯ ಆಳಕ್ಕೆ ಧಾರಾಳ. ಟೇಪನ್ನು ಜಗತಿಯ (ಗುಡಿ ನಿಂತ ಕಟ್ಟೆಯ) ಮೇಲೆ ಗೋಡೆಗೆ ಸಮಾನಾಂತರವಾಗಿ ಹಾಸಿ, 75 ಸೆಂಟಿಮೀಟರಿಗೊಂದು ಹೆಜ್ಜೆ ಸರಿಯಿರಿ (ಸೀಮೆಸುಣ್ಣದ ಗುರುತು ಖಂಡಿತ ಬೇಡ). ಆಗ ಪಕ್ಕಪಕ್ಕದ ಚಿತ್ರಗಳು ಶೇ. 60ರಷ್ಟು ಒಂದರ ಮೇಲೊಂದು ಬರುತ್ತವೆ; ಇಷ್ಟು ಹೊದಿಕೆ ಅತಿಯೆನಿಸಬಹುದು. ಕಳೆದ ಸುತ್ತಿನಲ್ಲಿ ಶೇ. 35 ಇಟ್ಟಿದ್ದರಿಂದಲೇ ಆನೆಗಳಿಗೆ ಎರಡೆರಡು ಸೊಂಡಿಲು ಬಂದದ್ದು: ಕೆತ್ತನೆ ಮುಂದಕ್ಕೆ ಚಾಚಿರುವುದರಿಂದ ನಿಂತ ಜಾಗ ಬದಲಾದ ಹಾಗೆ ಸೊಂಡಿಲಿನ ಹಿಂದೆ ಕಾಣುವ ಕಲ್ಲೂ ಬದಲಾಗುತ್ತದೆ. ಹೊದಿಕೆ ಹೆಚ್ಚಿದ್ದರೆ ಪ್ರತಿ ಚಿತ್ರದ ನಡುಭಾಗ ಮಾತ್ರ ಬಳಸಬಹುದು. ಕೆಳಗಿನ ಸಾಲಿಗೆ ಕೂತೇ ತೆಗೆಯಬೇಕು. ನಿಂತು ಫೋನು ಬಾಗಿಸಿದರೆ ಆನೆ ಕುಳ್ಳಾಗುತ್ತದೆ.

ಜೋಡಣೆ ಹಗಿನ್ ಎಂಬ ಚಿತ್ರ ಜೋಡಿಸುವ ತಂತ್ರಾಂಶದಲ್ಲಿ. ಲೆನ್ಸ್ ರೆಕ್ಟಿಲೀನಿಯರ್ (ನೇರ ಗೆರೆಯನ್ನು ನೇರವಾಗಿಯೇ ಉಳಿಸುವಂಥದ್ದು), ಅಡ್ಡ ನೋಟಕೋನ 64 ಡಿಗ್ರಿ. ಫೋನು ನಿಂತಲ್ಲೇ ತಿರುಗಿಲ್ಲ, ಜಾಗ ಬದಲಿಸಿದೆ ಎಂಬುದನ್ನು ಎಕ್ಸ್, ವೈ, ಜೆಡ್ ಸ್ಥಾನಗಳ ಆಪ್ಟಿಮೈಸೇಶನ್ ಆರಿಸಿ ತಿಳಿಸಬೇಕು. ಕಂಟ್ರೋಲ್ ಪಾಯಿಂಟುಗಳನ್ನು (ಎರಡು ಚಿತ್ರಗಳಲ್ಲೂ ಒಂದೇ ಜಾಗವೆಂದು ಗುರುತಿಸುವ ಚುಕ್ಕಿಗಳನ್ನು) ಚಾಚಿದ ಸೊಂಡಿಲಿನ ಮೇಲಿಡದೆ, ಪಟ್ಟಿಕೆಗಳ ನಡುವಿನ ಸಪಾಟು ಅಂಚಿನಲ್ಲಿಡಿ. ಗೋಡೆ ನಕ್ಷತ್ರದಂತೆ ಮುರಿಮುರಿದು ಹೋಗುವುದರಿಂದ ಇಡೀ ಸಾಲನ್ನು ಒಟ್ಟಿಗೆ ಕೊಟ್ಟರೆ ಮೂಲೆಯಲ್ಲಿ ಕುದುರೆಯೇ ಮಾಯ. ಒಂದೊಂದು ಮುಖಕ್ಕೂ ಬೇರೆ ಕಡತ ಮಾಡಿ, ಆಮೇಲೆ ಪಕ್ಕಪಕ್ಕ ಇಟ್ಟುಕೊಳ್ಳುವುದೇ ಸದ್ಯದ ಪರಿಹಾರ.

ಪಶ್ಚಿಮ ಗೋಡೆಗೆ ಬೆಳಗಿನ ನೆರಳು ಒಳ್ಳೆಯದು, ಬೆಳಕು ಸಮವಾಗಿರುತ್ತದೆ. ಮಧ್ಯಾಹ್ನದ ಓರೆಬಿಸಿಲು ಬಿಡಿ ವಿಗ್ರಹಕ್ಕೆ ಚೆಂದ. ಜೋಡಣೆಗಲ್ಲ, ಸಾಲು ಮುಗಿಯುವಷ್ಟರಲ್ಲಿ ನೆರಳು ಸರಿದಿರುತ್ತದೆ. ಮಳೆಗಾಲದಲ್ಲಿ ಒದ್ದೆ ಕಲ್ಲು ಮಿರುಗುವುದರಿಂದ ಕೆಲಸ ನಿಲ್ಲುತ್ತದೆ. ಅಷ್ಟು ದಿನ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಹೊರಗೆ, ಫೋನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ. ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.